ಏಳನೇ ಹೋಲಿನ ಬಲಗಡೆ

ಜೂನ್ 9

ಅಮ್ಮಾ,

ಮೈದಾನ ದುರಸ್ತಿಯ ಕೆಲಸ ನನಗೇ ಸಿಕ್ಕಿತು. ಫೋನ್ ಮಾಡಿದರೆ ನನಗಿಂತ ನಿನ್ನ ಹೊಲಿಗೆ ಮಷೀನೇ ಹೆಚ್ಚು ಮಾತಾಡುತ್ತದೆ, ಅದಕ್ಕೇ ಕಾಗದ.

ಮೊನ್ನೆಯಿಂದ ಅಪ್ಪ ಕಟ್ಟಿದ ಗಾಲ್ಫ್ ಮೈದಾನದಲ್ಲೇ ಇದ್ದೇನೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಆದರೂ ಇಲ್ಲಿ ಒಂದೊಂದು ತಿರುವಿನಲ್ಲೂ ಅವರು ಮುಂದೆ ಮುಂದೆ ನಡೆಯುತ್ತಿದ್ದಾರೆ ಅನ್ನಿಸುತ್ತದೆ. ಮಧ್ಯಾಹ್ನ ಮೋಡ ಕವಿದು ಅರ್ಧ ಗಂಟೆ ಮಳೆ ಬಡಿಯುತ್ತದೆ, ಆಮೇಲೆ ಏನೂ ಆಗದ ಹಾಗೆ ಬಿಸಿಲು. ಹುಲ್ಲು ಬೆಳಗ್ಗೆ ಕೊಯ್ದರೆ ಸಂಜೆಗೆ ಮತ್ತೆ ಪಾದ ಮುಚ್ಚುತ್ತದೆ. ಮೊದಲನೇ ಹೋಲಿನ ಅಂಗಳ ಈಗಲೂ ಅಗಲವಾಗಿದೆ, ಯಾರು ಹೇಗೆ ಹೊಡೆದರೂ ಕ್ಷಮಿಸುತ್ತದೆ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಆ ಸೌಜನ್ಯ ಮುಗಿದಿರುತ್ತದೆ. ಈ ಜಾಗ ಮೊದಲು ಬರೀ ಜೌಗು ಅಂತ ನಿನಗೆ ನೆನಪಿರಬೇಕು. ಅಪ್ಪ ಐದು ಕೊಳ ತೋಡಿಸಿದ್ದು ಅಂದಕ್ಕಲ್ಲ, ಆ ಮಣ್ಣು ಹಾಕಿ ಉಳಿದ ನೆಲ ಎತ್ತರಿಸುವುದಕ್ಕೆ. "ಮೊದಲು ನೀರಿಗೆ ದಾರಿ ಕೊಡು, ಆಮೇಲೆ ಚೆಂಡಿಗೆ" ಅಂತ ನನಗೂ ನೂರು ಸಲ ಹೇಳಿದ್ದರು.

ಈಗ ಕ್ಲಬ್ಬಿನವರಿಗೆ ಬೇಕಾದದ್ದು ಎರಡು. ಚಳಿಗಾಲದಲ್ಲಿ ಇಲ್ಲಿನ ಹುಲ್ಲು ಒಣಗಿ ಕಂದಾಗುತ್ತದಲ್ಲ, ಅದು ಬೇಡವಂತೆ. ಕಾರ್ಯದರ್ಶಿ ಮೇಜಿನ ಮೇಲೆ ಫೋಟೋ ಹರಡಿ, "ನೋಡಿ ಮೇಡಂ, ಬಂದವರು ಹುಲ್ಲು ಸತ್ತೋಗಿದೆ ಅಂದ್ಕೋತಾರೆ. ನಮಗೆ ಹನ್ನೆರಡು ತಿಂಗಳೂ ಹಸಿರು ಬೇಕು" ಅಂದರು. ಅಕ್ಟೋಬರಿನಲ್ಲಿ ಚಳಿ ಹುಲ್ಲಿನ ಬೀಜ ಎರಚಿ ದಿನಾ ನೀರು ಕೊಟ್ಟರೆ ಆಗುತ್ತದೆ. ಎರಡನೆಯದು ಏಳನೇ ಹೋಲ್. ಗುಳಿ ಇರುವ ಗ್ರೀನಿನ ಬಲಗಡೆ ಒಂದು ಇಳಿಜಾರಿದೆ. ಮಳೆ ಬಂದರೆ ಅದರ ಮೇಲಿನ ನೀರೆಲ್ಲ ಗ್ರೀನಿಗೇ ಬಂದು ನಿಲ್ಲುತ್ತದೆ, ಚೆಂಡು ಬೀಳುವ ಗುಳಿಯ ಸುತ್ತಲೇ ಕೆಸರು. ಅಪ್ಪ ಇಂಥ ತಪ್ಪು ಹೇಗೆ ಮಾಡಿದರೋ. ಮಳೆ ನಿಂತ ಮೇಲೆ ಯಂತ್ರ ತರಿಸಿ ಅದನ್ನು ಕೆತ್ತಿಸಿಬಿಡುತ್ತೇನೆ.

ಅಪ್ಪ ಆ ಹೋಲಿನ ಬಗ್ಗೆ ನಿನ್ನ ಹತ್ತಿರ ಏನಾದರೂ ಹೇಳಿದ್ದುಂಟಾ?

ನಿನ್ನ
ಗುಂಡುಸೂಜಿ

*

ಜೂನ್ 20

ಗುಂಡುಸೂಜಿಗೆ,

ಕಾಗದ ತಲುಪಿತು. ಅಂಗಡಿಯಲ್ಲಿ ಕಾಜಾ ಹೊಲಿಯುವವಳು "ಓದಿ ಹೇಳ್ಲಾ ಅಕ್ಕಾ?" ಅಂದಳು. ಕನ್ನಡಕ ನನಗೂ ಇದೆ ಅಂದೆ. ಅವಳಿಗೆ ಕಾಜಾ ಬಿಟ್ಟು ಉಳಿದೆಲ್ಲದರಲ್ಲೂ ಆಸಕ್ತಿ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ನಮ್ಮಲ್ಲಿ ನೂಲೂ ನಿಮ್ಮಪ್ಪನದೇ, ಸೀರೆಯೂ ಅವರದೇ, ನನ್ನದು ಬರೀ ಕತ್ತರಿ. ಅವರು ಕಟ್ಟಿದ್ದನ್ನು ನೀನು ಕೆತ್ತುತ್ತೀಯಂತೆ, ನನ್ನನ್ನು ಕೇಳುತ್ತೀಯಂತೆ. ಮೈದಾನದ ವಿಷಯ ಅವರು ನನ್ನ ಹತ್ತಿರ ಯಾಕೆ ಹೇಳುತ್ತಾರೆ? ಜನ ಈಗಲೂ ಕೇಳುತ್ತಾರೆ, ಏನು ಜಗಳವಾಗಿ ಬೇರೆಯಾದಿರಿ ಅಂತ. ಜಗಳ ಆಡುವುದಕ್ಕಾದರೂ ಮನುಷ್ಯ ಮನೆಯಲ್ಲಿರಬೇಕಲ್ಲ. ವರ್ಷಕ್ಕೆ ಹತ್ತು ತಿಂಗಳು ಯಾವುದೋ ಊರಿನ ಮಣ್ಣು ಅಳೆಯುತ್ತಿದ್ದರು. ಬಂದರೆ ಬೂಟಿನ ತುಂಬ ಆ ಮಣ್ಣೇ ತರುತ್ತಿದ್ದರು.

ಆದರೆ ಏಳನೇದರ ಬಗ್ಗೆ ನಾನು ಹೇಳುತ್ತೇನೆ, ಕೇಳು. ಅದು ನನ್ನ ಹೋಲ್.

ಆಟ ಕಲಿಸಿದ್ದು ಅವರೇ, ಮದುವೆಯಾದ ಹೊಸದರಲ್ಲಿ. ಈ ಮೈದಾನ ತೆರೆದ ವರ್ಷ ನಾನು ಬಟ್ಟೆಯ ಥಾನು ಹೊತ್ತು ಮೆಟ್ಟಿಲಿಂದ ಬಿದ್ದೆನಲ್ಲ, ಅಲ್ಲಿಂದ ಬಲಗೈ ಭುಜದ ಮೇಲೆ ಏಳುವುದೇ ಇಲ್ಲ. ಆಮೇಲೆ ನಾನು ಹೊಡೆದ ಚೆಂಡು ಮೊಣಕಾಲಿನಷ್ಟು ಎತ್ತರ ಏರಿದರೆ ಹೆಚ್ಚು. ಅದೇ ವರ್ಷದ ಕೊನೆಗೆ ನಾವು ಬೇರೆಯಾದೆವು. ಜನವರಿಯಲ್ಲಿ ನಿನ್ನನ್ನು ಅವರಿಗೆ ತೋರಿಸಿಕೊಂಡು ಬರೋಣ ಅಂತ ಅಲ್ಲಿಗೆ ಹೋದಾಗ, "ಒಂದಾಟ ಆಡ್ತೀಯಾ?" ಅಂದರು. ಆಡಿದೆ. ಏಳನೇದರಲ್ಲಿ ಗ್ರೀನಿನ ಮುಂದೆ ಆ ಮರಳುಗುಂಡಿ ಇದೆಯಲ್ಲ, ಎತ್ತಿ ಹೊಡೆಯುವವರು ಅದರ ಮೇಲಿಂದ ಹಾರಿಸುತ್ತಾರೆ. ನಾನು ಎಲ್ಲಿಂದ ಎತ್ತಲಿ? ಹೊಡೆದದ್ದೆಲ್ಲ ಮರಳಿಗೆ. ನೆಲವೇ ಸರಿಯಿಲ್ಲ ಅಂದೆ. ನಿಮ್ಮಪ್ಪ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು. ಕೈಯಲ್ಲಿದ್ದ ಕೋಲನ್ನು ಕೊಳಕ್ಕೆ ಎಸೆದು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ ಹೇಳಿ ಬಂದೆ.

ಮುಂದಿನ ಡಿಸೆಂಬರಿನಲ್ಲಿ ಒಂದು ಕಾರ್ಡು ಬಂತು. "ಹುಲ್ಲು ಒಣಗಿದೆ. ಒಂದು ಸಲ ಬಾ. ಲೆಕ್ಕ ಏಳನೇದರದ್ದು ಮಾತ್ರ. ಸೋತವರು ಚಹಾ ಕೊಡಿಸುವುದು." ಸೇಡಿಗೆ ಹೋದೆ. ಮರಳುಗುಂಡಿಯ ಗೊಡವೆ ಬೇಡ ಅಂತ ಬಲಕ್ಕೆ ಹೊಡೆದೆ. ಚೆಂಡು ಒಣನೆಲದ ಮೇಲೆ ಓಡಿತು, ಬಲಗಡೆಯ ಏರಿಗೆ ಹತ್ತಿತು, ಸುತ್ತಿಕೊಂಡು ಇಳಿದು ಗ್ರೀನಿನ ಮಧ್ಯಕ್ಕೆ ಬಂದು ನಿಂತಿತು. ನಿಮ್ಮಪ್ಪ ಟೋಪಿ ತೆಗೆದು, "ಅದೃಷ್ಟ" ಅಂದರು. "ಕೈಗುಣ" ಅಂದೆ ನಾನು.

ಅಲ್ಲಿಂದ ಅವರು ಹೋಗುವ ತನಕ ಪ್ರತಿ ಜನವರಿ. ಪ್ರತಿ ಸಲ ಅವರು ಅದೃಷ್ಟ ಅನ್ನುವುದು, ನಾನು ಕೈಗುಣ ಅನ್ನುವುದು. ಒಂದೇ ಒಂದು ವರ್ಷವೂ ನಾನು ಚಹಾ ಕೊಡಿಸಿದವಳಲ್ಲ. ಕ್ಯಾಂಟೀನಿನವನು ದುಡ್ಡಿಗೆ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದ. ಆ ಮನುಷ್ಯನ ಎದುರು ಜೀವಮಾನದಲ್ಲಿ ನಾನು ಗೆದ್ದದ್ದು ಅದೊಂದೇ ಜಾಗದಲ್ಲಿ. ಕೆತ್ತುವುದಾದರೆ ಕೆತ್ತು, ನಿನ್ನ ಕೆಲಸ. ಸುಮ್ಮನೆ ಹೇಳಿದೆ.

ಮಳೆಯಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಬೇಡ, ಬೂಟು ಹಾಕಿಕೋ.

ಅಮ್ಮ

*

ಜುಲೈ 14

ಅಮ್ಮಾ,

ನಿನ್ನ ಕಾಗದ ಓದಿ ಆ ಜನವರಿಗಳೆಲ್ಲ ಎದ್ದು ಬಂದವು. ರೈಲಿನಿಂದ ಇಳಿದ ಕೂಡಲೇ ಅಪ್ಪ ನಿನ್ನ ಮೂರು ಕೋಲುಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾನು ಏಳನೇದರ ಬೆಂಚಿನ ಮೇಲೆ ಬನ್ನು ತಿನ್ನುತ್ತ ಕೂತಿರುತ್ತಿದ್ದೆ. ಒಣಹುಲ್ಲು ಕಾಲಡಿ ಚರಚರ ಅನ್ನುತ್ತಿತ್ತು, ಅದಕ್ಕೊಂದು ಬೆಚ್ಚಗಿನ ವಾಸನೆ ಇತ್ತು. ಹಸಿರಿದ್ದಾಗ ಮೈದಾನವೆಲ್ಲ ಒಂದೇ ಸಮ ಕಾಣುತ್ತದೆ. ಕಂದಾದ ಮೇಲೆ ಸಂಜೆಯ ಬಿಸಿಲಿಗೆ ಒಂದೊಂದು ಉಬ್ಬಿಗೂ ಒಂದೊಂದು ತಗ್ಗಿಗೂ ನೆರಳು ಬೀಳುತ್ತಿತ್ತು. "ಹುಲ್ಲು ಸತ್ತಿಲ್ಲ, ಮಲಗಿದೆ. ಈಗ ನೆಲದ ಮುಖ ಕಾಣುತ್ತೆ ನೋಡು" ಅಂತ ಅಪ್ಪ ನನ್ನ ತಲೆ ಹಿಡಿದು ಆ ಕಡೆ ತಿರುಗಿಸುತ್ತಿದ್ದರು. ನೀವಿಬ್ಬರೂ ಒಬ್ಬರನ್ನೊಬ್ಬರು ಸಹಿಸಿಕೊಳ್ಳುತ್ತಿದ್ದ ಜಾಗ ನನಗೆ ಗೊತ್ತಿದ್ದದ್ದು ಅದೊಂದೇ. ನಾನು ಈ ಕೆಲಸಕ್ಕೆ ಬಂದದ್ದೂ ಅದಕ್ಕೇ ಇರಬೇಕು.

ಈಗ ಒಂದು ವಿಚಿತ್ರ ಕೇಳು. ಆ ಇಳಿಜಾರನ್ನು ಕೆತ್ತುವ ಮೊದಲು ಒಳಗೇನಿದೆ ನೋಡೋಣ ಅಂತ ಮೂರು ಕಡೆ ಗುಂಡಿ ತೋಡಿಸಿದೆ. ಮೇಲೆ ಎರಡು ಅಡಿ ಕೆಂಪು ಮಣ್ಣು. ಅದರ ಕೆಳಗೆ ಬೆರಳು ದಪ್ಪದ ಕರೀ ಪಟ್ಟಿ. ಅದು ಹುಲ್ಲು, ಅಮ್ಮ. ಬೆಳೆದು ನಿಂತಿದ್ದ ಹುಲ್ಲು ಮಣ್ಣಿನಡಿ ಸಿಕ್ಕಿ ಕೊಳೆತದ್ದು. ಅದರ ಕೆಳಗೆ ಮರಳು, ನೀರು ಹೋಗುವ ಪೈಪು, ಎಲ್ಲ ಅಪ್ಪನ ಶಿಸ್ತಿನ ಪ್ರಕಾರವೇ ಇದೆ, ನೀರು ಗ್ರೀನಿನಿಂದ ಆಚೆಗೇ ಹರಿಯುವ ಹಾಗೆ. ಅಂದರೆ ಮೊದಲು ಅಲ್ಲಿ ಇಳಿಜಾರೇ ಇರಲಿಲ್ಲ. ಮೈದಾನ ತೆರೆದು, ಹುಲ್ಲು ಒಂದು ವರ್ಷ ಬೆಳೆದ ಮೇಲೆ, ಯಾರೋ ಅದರ ಮೇಲೆ ಮಣ್ಣು ತಂದು ಸುರಿದಿದ್ದಾರೆ. ಒರಟು ಕೆಲಸವಲ್ಲ, ಅಂಚನ್ನು ಎಷ್ಟು ನಯವಾಗಿ ಸೇರಿಸಿದ್ದಾರೆಂದರೆ ಅದು ಅಪ್ಪನ ಕೈಯೇ. ಆದರೆ ಮುಗಿದ ಕೆಲಸ ಮುಟ್ಟುವವರಲ್ಲ ಅವರು. ನೀರಿನ ದಾರಿ ಕೆಡುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಮಿಟಿಯವರು ಒತ್ತಾಯ ಮಾಡಿರಬೇಕು ಅನ್ನಿಸುತ್ತದೆ. ಎರಡನೇ ವರ್ಷ ಅಪ್ಪನಿಗೂ ಕ್ಲಬ್ಬಿಗೂ ಏನಾದರೂ ಕಿರಿಕಿರಿ ಆಗಿತ್ತಾ? ನಿನಗೆ ನೆನಪಿದ್ದರೆ ಬರೆ. ಯಾರದೋ ಒತ್ತಾಯಕ್ಕೆ ಮಾಡಿದ್ದು ಅಂತಾದರೆ ಅದನ್ನು ತೆಗೆದು ಅಪ್ಪನ ಮೂಲ ಹೋಲನ್ನು ಮತ್ತೆ ತರಬಹುದು. ನನಗೆ ಅದೇ ಖುಷಿ.

ನಿನ್ನ
ಗುಂಡುಸೂಜಿ

*

ಆಗಸ್ಟ್ 2

ಗುಂಡುಸೂಜಿ,

ಇಷ್ಟು ಓದಿದ್ದೀಯ, ಎರಡು ಅಡಿ ಮಣ್ಣಿನ ಕೆಳಗೆ ಏನಿದೆ ಅಂತ ಹೇಳುತ್ತೀಯ. ನನ್ನ ಕಾಗದದಲ್ಲಿ ಏನಿತ್ತು ಅಂತ ನಿನಗೆ ಕಾಣಲಿಲ್ಲ. ಅಪ್ಪನ ಮಗಳೇ ಸರಿ.

ಕಮಿಟಿಯೂ ಇಲ್ಲ, ಕಿರಿಕಿರಿಯೂ ಇಲ್ಲ. ಮೊದಲ ಜನವರಿ ನಾನು ಸೋತೆ, ಕೋಲು ಎಸೆದೆ. ಮುಂದಿನ ಜನವರಿ ಗೆದ್ದೆ. ಮಧ್ಯದಲ್ಲಿ ಮಣ್ಣು ಬಿದ್ದಿದೆ. ಇದಕ್ಕೆ ಗುಂಡಿ ತೋಡಬೇಕಾ?

ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನನ್ನನ್ನು ಆಡಿಕೊಂಡವನು, ಆಮೇಲೆ ಕುಣಿಯಲಾರದವಳಿಗೆ ಅಂತ ನೆಲವನ್ನೇ ಡೊಂಕು ಮಾಡಿಟ್ಟಿದ್ದಾನೆ. ಇಪ್ಪತ್ತೈದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿ, ಟೋಪಿ ತೆಗೆದು ಅದೃಷ್ಟ ಅಂದಿದ್ದಾನೆ. ನಾನು ಪೆದ್ದಿ, ಕೈಗುಣ ಅಂತ ಮೆರೆದೆ. ರೈಲಿನಲ್ಲಿ ವಾಪಸು ಬರುವಾಗ ಎದುರು ಕೂತವರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ, ನಿನಗೆ ನಾಚಿಕೆಯಾಗುವಷ್ಟು. ಬೇರೆಯಾದ ಮೇಲೂ ಅವನ ಮುಂದೆ ತಲೆಯೆತ್ತಿ ನಿಂತಿದ್ದೆ ಅಂದರೆ ಆ ಒಂದು ಹೋಲಿನ ಬಲದಿಂದ. ಅದೂ ಅವನು ಹಾಕಿದ ಭಿಕ್ಷೆಯಂತೆ.

ಕೆತ್ತಿ ಹಾಕು. ಮಳೆ ನಿಲ್ಲುವ ತನಕ ಯಾಕೆ ಕಾಯಬೇಕು?

ಅಮ್ಮ

*

ಆಗಸ್ಟ್ 11

ಅಮ್ಮಾ,

ನನ್ನ ಬುದ್ಧಿ ಇಷ್ಟೇ. ಮಣ್ಣು ಅಂದರೆ ಮಣ್ಣನ್ನೇ ನೋಡಿದೆ. ನಿನ್ನ ಕಾಗದವನ್ನು ಆ ಇಳಿಜಾರಿನ ಮೇಲೆ ಕೂತೇ ಮತ್ತೊಮ್ಮೆ ಓದಿದೆ, ಮಳೆ ಬಂದು ಅರ್ಧ ಅಳಿಸಿಹೋಯಿತು. ಉಳಿದ ಅರ್ಧವೂ ಸಾಕಾಗಿತ್ತು.

ಆದರೆ ಅಮ್ಮ, ನೀನು ಭಿಕ್ಷೆ ಅಂದೆ, ಅದಕ್ಕೆ ನಾನು ಒಪ್ಪುವುದಿಲ್ಲ. ಕೆಲಸದ ಭಾಷೆಯಲ್ಲೇ ಹೇಳುತ್ತೇನೆ, ನನಗೆ ಬರುವುದು ಅದೊಂದೇ. ಎತ್ತಿ ಹೊಡೆಯಲಾಗದವರಿಗೆ ನೆಲದ ಮೇಲೊಂದು ದಾರಿ ಬಿಡುವುದು ಒಳ್ಳೆಯ ಮೈದಾನದ ಲಕ್ಷಣ. ಅಪ್ಪ ಮೊದಲನೇ ಸಲ ಆ ದಾರಿ ಬಿಡಲಿಲ್ಲ. ತಾವು ಹೊಡೆಯುವ ಹಾಗೇ ಎಲ್ಲರೂ ಹೊಡೆಯುತ್ತಾರೆ ಅಂದುಕೊಂಡಿದ್ದರು. ನಿನ್ನ ಕೋಲು ಕೊಳಕ್ಕೆ ಬಿದ್ದಾಗ ಅವರಿಗೆ ಬುದ್ಧಿ ಬಂದಿರಬೇಕು. ಅದಾದ ಮೇಲೆ ಅವರು ಕಟ್ಟಿದ ಎಲ್ಲ ಮೈದಾನಗಳಲ್ಲೂ ನೆಲದ ದಾರಿ ಇದೆ. ನಾನು ಕಲಿತದ್ದೇ ಅವುಗಳನ್ನು ನೋಡಿ.

ಒಂದು ಸಾಲು ಬರೆ.

ನಿನ್ನ
ಗುಂಡುಸೂಜಿ

*

ಸೆಪ್ಟೆಂಬರ್ 3

ಅಮ್ಮಾ,

ನೀನು ಬರೆದಿಲ್ಲ. ಕಾಜಾ ಅಕ್ಕನಿಗೆ ಫೋನ್ ಮಾಡಿದೆ. "ಚೆನ್ನಾಗೇ ಇದ್ದಾರೆ, ಕತ್ತರಿ ಮಾತ್ರ ಜೋರಾಗಿ ಇಡ್ತಾರೆ" ಅಂದರು.

ಈ ವಾರ ಮಳೆ ಬಿಡುವು ಕೊಟ್ಟಿದೆ. ಇಳಿಜಾರಿನ ಹುಲ್ಲನ್ನು ಬೋಳಾಗಿ ಕೊಯ್ಯಿಸಿ, ರೋಲರ್ ಎಳೆಸಿ, ಆದಷ್ಟು ಜನವರಿಯ ನೆಲದ ಹಾಗೆ ಗಟ್ಟಿ ಮಾಡಿಸಿದೆ. ಆಮೇಲೆ ಬಲತೋಳನ್ನು ಪಂಚೆ ಗಾತ್ರದ ಒಂದು ಟವೆಲಿನಿಂದ ಮೈಗೆ ಕಟ್ಟಿಕೊಂಡೆ, ಭುಜದ ಮೇಲೆ ಏಳದ ಹಾಗೆ. ಮಾಲಿಗಳೆಲ್ಲ ಮೇಡಂಗೆ ಏನೋ ಆಗಿದೆ ಅಂತ ನಿಂತು ನೋಡಿದರು. ನೀನು ಹೊಡೆಯುತ್ತಿದ್ದ ಜಾಗದಿಂದ ಒಂದು ಬುಟ್ಟಿ ಚೆಂಡು ಹೊಡೆದೆ.

ಎರಡು ಗ್ರೀನಿನಲ್ಲಿ ನಿಂತವು, ಅಮ್ಮ. ಒಂದು ಬುಟ್ಟಿಯಲ್ಲಿ ಎರಡು. ಸ್ವಲ್ಪ ಮೆಲ್ಲಗೆ ಹೊಡೆದರೆ ಏರು ಹತ್ತದೆ ಮರಳಿಗೆ ಜಾರುತ್ತದೆ. ಜೋರಾದರೆ ಏರು ದಾಟಿ ಪೊದೆಗೆ ಹೋಗುತ್ತದೆ. ಸರಿಯಾಗಿ ಹತ್ತಬೇಕಾದ ಜಾಗ ನಿನ್ನ ಕತ್ತರಿಸುವ ಮೇಜಿನಷ್ಟು ಅಗಲವೂ ಇಲ್ಲ. ಅಪ್ಪನಿಗೆ ಬೇಕಿದ್ದರೆ ಅದನ್ನು ಬೋಗುಣಿಯ ಹಾಗೆ ಮಾಡಬಹುದಿತ್ತು, ಎಲ್ಲಿಂದ ಹೊಡೆದರೂ ಒಳಗೆ ಉರುಳುವ ಹಾಗೆ. ಹಾಗೆ ಮಾಡಲಿಲ್ಲ.

ಅವರು ಬೇಕೆಂದೇ ಸೋತರಾ ಅಂತ ನೀನು ಕೇಳಬಹುದು. ಒಣನೆಲದಲ್ಲಿ ಅವರ ಎತ್ತರದ ಚೆಂಡು ಪುಟಿದು ಗ್ರೀನ್ ದಾಟಿ ಹಿಂದಕ್ಕೆ ಹೋಗುತ್ತಿದ್ದದ್ದು ನನಗೆ ನೆನಪಿದೆ, ಅದು ನಾಟಕವಲ್ಲ. ಕೆಳಗಿನ ದಾರಿ ಹಿಡಿದು ಯಾಕೆ ಹೊಡೆಯಲಿಲ್ಲ ಅಂದರೆ ನನಗೂ ಗೊತ್ತಿಲ್ಲ. ಅದು ನಿನ್ನ ದಾರಿ ಅಂತ ಬಿಟ್ಟಿರಬೇಕು.

ನನಗೆ ಬಲತೋಳು ಎರಡು ದಿನ ನೋವು.

ನಿನ್ನ
ಗುಂಡುಸೂಜಿ

*

ಸೆಪ್ಟೆಂಬರ್ 24

ಗುಂಡುಸೂಜಿಗೆ,

ಹರಳೆಣ್ಣೆ ಬಿಸಿಮಾಡಿ ಹಚ್ಚಿಕೋ. ಹುಚ್ಚಿ.

ಬರೆಯಲಿಲ್ಲ, ಯಾಕೆಂದರೆ ಬರೆದರೆ ಬರೀ ಬೈಗುಳ ಬರುತ್ತಿತ್ತು. ಕಾಗದಕ್ಕೆ ಬೈಗುಳ ಅಂಟಿದರೆ ಹೋಗುವುದಿಲ್ಲ.

ಹೋದ ವಾರ ಬಸ್ ಡಿಪೋದ ಮೇಲ್ವಿಚಾರಕರು ಕೋಟು ತಗೊಂಡು ಹೋಗಲು ಬಂದರು. ಮುಂದಿನ ತಿಂಗಳು ನಿವೃತ್ತಿ, ಸಮಾರಂಭಕ್ಕೆ ಕೋಟು. ಆ ಮನುಷ್ಯನ ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗೆ. ಅಳತೆ ತೆಗೆಯುವಾಗಲೇ ಕಂಡಿತ್ತು. ಎಡಗಡೆ ಒಳಗೆ ಎರಡು ಪದರ ಹತ್ತಿ ಹೆಚ್ಚಿಗೆ ಇಟ್ಟು ಹೊಲಿದಿದ್ದೆ. ಕನ್ನಡಿ ಮುಂದೆ ನಿಂತು ಹಿಂದೆ ಮುಂದೆ ತಿರುಗಿ ನೋಡಿಕೊಂಡು, "ನೋಡಿ, ಎಷ್ಟು ನೆಟ್ಟಗೆ ಕಾಣ್ತೀನಿ. ಹೋದ ಸಲ ಹೊಲಿದವನಿಗೆ ಕೆಲಸವೇ ಬರ್ತಿರ್ಲಿಲ್ಲ" ಅಂದರು. "ನಿಮ್ಮ ಮೈಕಟ್ಟೇ ಹಾಗಿದೆ ಸಾರ್" ಅಂದೆ. ಎದೆ ಉಬ್ಬಿಸಿ ಹೋದರು.

ಅವರು ಹೋದ ಮೇಲೆ ಕಾಜಾದವಳು ಕಿಸಕಿಸ ನಕ್ಕು, "ಹತ್ತಿ ಇಟ್ಟಿದ್ದು ಹೇಳಲೇ ಇಲ್ವಲ್ಲಕ್ಕಾ" ಅಂದಳು.

"ಹೇಳಿದ್ರೆ ಕೋಟು ಕೆಡುತ್ತೆ ಕಣೇ" ಅಂದೆ.

ಅಂದವಳು ಹಾಗೇ ಕೂತುಬಿಟ್ಟೆ. ಆ ಮಾತನ್ನು ನಾನು ಮೊದಲೂ ಹೇಳಿದ್ದೆ, ಅದೇ ಅಂಗಡಿಯಲ್ಲಿ. ನೀನಿನ್ನೂ ಹುಟ್ಟಿರಲಿಲ್ಲ. ನಿಮ್ಮಪ್ಪನಿಗೆ ಆಗ ಕೆಲಸ ಕಡಿಮೆ, ಇಸ್ತ್ರಿ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ನಾನು ಹೊಲಿಯುವುದನ್ನು ನೋಡುತ್ತ ಕೂರುತ್ತಿದ್ದರು. ಯಾರದೋ ಭುಜಕ್ಕೆ ಹತ್ತಿ ಇಡುತ್ತಿದ್ದೆ. "ಅವರಿಗೆ ಹೇಳ್ಬೇಕಲ್ವಾ?" ಅಂತ ಕೇಳಿದರು. ಹೇಳಿದರೆ ಕೋಟು ಕೆಡುತ್ತೆ ಅಂದೆ. ಅವರು ನಗಲಿಲ್ಲ. "ಹೌದಾ" ಅಂತ ಏನೋ ಪಾಠ ಒಪ್ಪಿಸಿಕೊಂಡ ಹಾಗೆ ತಲೆ ಆಡಿಸಿದರು. ನಾನು ಇಷ್ಟು ವರ್ಷ ಅದನ್ನು ಮರೆತೇಬಿಟ್ಟಿದ್ದೆ.

ಮೂವತ್ತೈದು ವರ್ಷದಿಂದ ಊರಿನ ಅರ್ಧ ಭುಜಗಳಿಗೆ ಹತ್ತಿ ಇಟ್ಟಿದ್ದೇನೆ, ಯಾರ ಮೇಲೂ ಕರುಣೆಯಿಂದ ಇಟ್ಟದ್ದಲ್ಲ. ನೆಟ್ಟಗೆ ಕಾಣಲಿ ಅಂತ ಇಟ್ಟದ್ದು. ನನ್ನ ಭುಜಕ್ಕೆ ಒಬ್ಬರು ಇಟ್ಟರೆ ಮಾತ್ರ ಮೈಯೆಲ್ಲ ಉರಿಯಿತು. ನ್ಯಾಯ ಎಲ್ಲಿದೆ ಹೇಳು.

ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಒಂದು ಬುಟ್ಟಿಯಲ್ಲಿ ಎರಡು ಅಂತ ಬರೆದಿದ್ದೀಯ. ನೀನು ಎತ್ತಿ ಹೊಡೆದು ಅಭ್ಯಾಸ ಇರುವವಳು, ನೆಲದ ಹೊಡೆತ ನಿನಗೆ ಬಾರದೇ ಇರಬಹುದು. ತಾಯಿ ಮನಸ್ಸಿಗೆ ಸಮಾಧಾನ ಆಗಲಿ ಅಂತ ಎರಡು ಚೆಂಡು ಕಡಿಮೆ ಬರೆದಿದ್ದರೂ ಬರೆದಿದ್ದೀಯ. ಹತ್ತಿ ಇಡುವ ಗುಣ ಈ ಮನೆತನದಲ್ಲೇ ಇದೆ.

ಕೆತ್ತು ಅಂತಲೂ ಹೇಳುವುದಿಲ್ಲ, ಬಿಡು ಅಂತಲೂ ಹೇಳುವುದಿಲ್ಲ. ನೀರು ನಿಲ್ಲುವುದು ನಿಜವಾದರೆ ಅದಕ್ಕೇನು ಮಾಡುತ್ತೀಯ?

ಅಮ್ಮ

*

ಅಕ್ಟೋಬರ್ 19

ಅಮ್ಮಾ,

ಯಂತ್ರ ಬಂತು, ಹೋಯಿತು. ಇಳಿಜಾರು ಅಲ್ಲೇ ಇದೆ.

ನೀರಿಗೆ ದಾರಿ ಸಿಕ್ಕಿತು. ಇಳಿಜಾರಿನ ಬುಡದಲ್ಲಿ ಉದ್ದಕ್ಕೆ ಒಂದು ಕಾಲುವೆ ತೋಡಿಸಿ, ತೂತಿನ ಪೈಪು ಇಟ್ಟು, ಜಲ್ಲಿ ಮರಳು ತುಂಬಿಸಿ, ಮೇಲೆ ಅದೇ ಹುಲ್ಲನ್ನು ಹೊದಿಸಿದೆ. ಮೇಲಿಂದ ಇಳಿದ ನೀರು ಗ್ರೀನ್ ಮುಟ್ಟುವ ಮೊದಲೇ ಕೆಳಗಿಳಿಯುತ್ತದೆ. ಚೆಂಡಿಗೆ ಗೊತ್ತಾಗುವುದಿಲ್ಲ. ನೀನು ಇದನ್ನು ಒಳಹೊಲಿಗೆ ಅನ್ನುತ್ತೀಯ.

ಕಷ್ಟವಾದದ್ದು ಕಾರ್ಯದರ್ಶಿಯ ಹತ್ತಿರ. ಇಳಿಜಾರು ಉಳಿದರೆ ಸಾಲದು, ಚಳಿಗಾಲದಲ್ಲಿ ಅಲ್ಲಿ ಬೀಜ ಎರಚಿ ನೀರು ಬಿಟ್ಟರೆ ನೆಲ ಮೆತ್ತಗಾಗಿ ಚೆಂಡು ಬಿದ್ದಲ್ಲೇ ಕೂರುತ್ತದೆ. ದಾರಿ ಇದ್ದೂ ಇಲ್ಲದ ಹಾಗೆ. ಹಾಗಾಗಿ ಏಳನೇದನ್ನು ಕಂದಾಗೇ ಬಿಡಿ ಅಂತ ಕೇಳಿದೆ. "ಎಲ್ಲಾ ಹಸಿರು, ಮಧ್ಯೆ ಒಂದು ಕಂದು. ಒಳ್ಳೇ ಅಂಗಿಗೆ ತೇಪೆ ಹಾಕಿದ ಹಾಗೆ ಕಾಣಲ್ವಾ ಮೇಡಂ?" ಅಂದರು. ನಮ್ಮಮ್ಮ ಹಾಕಿದ ತೇಪೆ ನೀವು ನೋಡಿಲ್ಲ ಅಂದೆ. ಅದು ಅವರಿಗೆ ಅರ್ಥವಾಗಲಿಲ್ಲ. ಕಂದು ನೆಲದ ಆಟದ ಬಗ್ಗೆ ಒಂದು ಗಂಟೆ ಹೇಳಿದೆ, ಅದೂ ಹತ್ತಲಿಲ್ಲ. ಕೊನೆಗೆ ಪಂಪಿನ ಮನೆಯಿಂದ ಏಳನೇದೇ ಎಲ್ಲಕ್ಕಿಂತ ದೂರ, ಅಲ್ಲಿಗೆ ಹೊಸ ಪೈಪು ಎಳೆಯಬೇಕು, ಅಂದೆ. ಆಗ ಅವರ ಮುಖದಲ್ಲಿ ಸೌಂದರ್ಯಪ್ರಜ್ಞೆ ಮೂಡಿತು. "ಒಂದು ಚಳಿಗಾಲ ನೋಡೋಣ" ಅಂದಿದ್ದಾರೆ. ಮುಂದಿನದು ಮುಂದೆ.

ಲೆಕ್ಕದಲ್ಲಿ ನಾನು ಸುಳ್ಳು ಹೇಳಿಲ್ಲ. ನಂಬಿಕೆ ಇಲ್ಲದಿದ್ದರೆ ಬಂದು ನೋಡು. ಜನವರಿಯಲ್ಲಿ ಹುಲ್ಲು ಒಣಗಿರುತ್ತದೆ. ಲೆಕ್ಕ ಏಳನೇದರದ್ದು ಮಾತ್ರ. ಸೋತವರು ಚಹಾ ಕೊಡಿಸುವುದು.

ನಿನ್ನ
ಗುಂಡುಸೂಜಿ

*

ನವೆಂಬರ್ 30

ಗುಂಡುಸೂಜಿಗೆ,

ನಾಲ್ಕು ವರ್ಷದಿಂದ ಕೋಲು ಮುಟ್ಟಿಲ್ಲ. ಮಂಚದ ಕೆಳಗಿಂದ ತೆಗೆದರೆ ಒಂದರ ಹಿಡಿ ಇಲಿ ತಿಂದಿತ್ತು, ಕೋಟಿನ ಒಳಬಟ್ಟೆ ಸುತ್ತಿ ಹೊಲಿದಿದ್ದೇನೆ. ಕಾಜಾದವಳು ಅಂಗಡಿ ನೋಡಿಕೊಳ್ಳುತ್ತಾಳಂತೆ. ಅಂದರೆ ಮೂರು ದಿನ ಮಾತಾಡುತ್ತಾಳೆ.

ಒಂದು ಷರತ್ತು. ನನಗೆ ಅಂತ ನೆಲ ಕೆರೆಯುವುದು, ಹುಲ್ಲು ಬೋಳಿಸುವುದು, ರೋಲರ್ ಎಳೆಸುವುದು ಏನೂ ಕೂಡದು. ಹೇಗಿದೆಯೋ ಹಾಗೇ ಇರಬೇಕು. ಏನಾದರೂ ಮಾಡಿಸಿದ್ದು ಗೊತ್ತಾದರೆ ಅದೇ ರೈಲಿಗೆ ವಾಪಸು ಬರುತ್ತೇನೆ.

ಅಮ್ಮ

*

ಜನವರಿ 22

ಗುಂಡುಸೂಜಿಗೆ,

ಸುಖವಾಗಿ ತಲುಪಿದೆ. ನೀನು ಪಕ್ಕದಲ್ಲೇ ಇದ್ದೆ, ಎಲ್ಲ ನೋಡಿದ್ದೀಯ. ಆದರೂ ಬರೆಯುತ್ತೇನೆ, ಯಾಕೆಂದರೆ ನಾನು ಯಾಕೆ ಹಾಗೆ ನಕ್ಕೆ ಅಂತ ನೀನು ಕೇಳಿದೆ, ಇದು ಅದಕ್ಕೆ ಉತ್ತರ.

ಆರನೇದನ್ನು ದಾಟಿ ಮರಗಳ ಸಾಲು ಮುಗಿದ ಕೂಡಲೇ ಹಸಿರೆಲ್ಲ ನಿಂತು ಏಳನೇದು ಕಂದಾಗಿ ಎದುರಿಗೆ ಬಂತಲ್ಲ, ಆ ಒಣಹುಲ್ಲಿನ ವಾಸನೆಗೆ ಬೆಂಚಿನ ಕಡೆ ತಿರುಗಿ ನೋಡಿದೆ. ಅವರು ಇರಬೇಕಿತ್ತು ಅನ್ನಿಸಿತು. ಬಾಯಿಬಿಟ್ಟೇ ಹೇಳುತ್ತೇನೆ, ತುಂಬಾ ಅನ್ನಿಸಿತು. ಬೇರೆಯಾದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಆ ಮನುಷ್ಯನ ಜೊತೆ ಮನೆ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ವರ್ಷಕ್ಕೊಂದು ದಿನ ಆ ಬೆಂಚಿನ ಹತ್ತಿರ ನನ್ನ ಮೂರು ಕೋಲು ಹಿಡಿದು ನಿಂತಿರುತ್ತಿದ್ದರಲ್ಲ, ಆ ಒಂದು ದಿನದ ಗಂಡ ನನಗೆ ಬೇಕಾಗಿತ್ತು.

ನೀನು ಮೊದಲು ಹೊಡೆದೆ. ಎತ್ತರಕ್ಕೆ, ಥೇಟ್ ಅವರ ಹಾಗೆ. ಮರಳುಗುಂಡಿ ದಾಟಿ ಗ್ರೀನಿಗೆ ಬಿದ್ದು, ಥೇಟ್ ಅವರ ಚೆಂಡಿನ ಹಾಗೆಯೇ ಪುಟಿದು ಹಿಂದಕ್ಕೆ ಹೋಯಿತು.

ನಾನು ಹಳೇ ಜಾಗದಲ್ಲೇ ನಿಂತೆ. ಕೈಗೆ ಎಲ್ಲ ನೆನಪಿತ್ತು. ಕೋಲಿಗೆ ಚೆಂಡು ತಾಗಿದ ಸದ್ದೂ ಅದೇ. ವಯಸ್ಸಿನ ತಪ್ಪು ಅಂತ ನೀನು ನನ್ನನ್ನು ಸಮಾಧಾನ ಮಾಡಬೇಡ, ಹೊಡೆತ ಚೆನ್ನಾಗಿಯೇ ಇತ್ತು. ನೇರ ಬಲಕ್ಕೆ ಓಡಿತು, ಏರು ಹತ್ತಿತು. ಹತ್ತಿದ್ದು ಒಂದು ಗೇಣು ಎಡಕ್ಕೆ. ಅಲ್ಲಿ ಒಂದು ಗಳಿಗೆ ನಿಂತ ಹಾಗೆ ಮಾಡಿ, ಮೆಲ್ಲಗೆ ಜಾರಿ ಮರಳುಗುಂಡಿಗೆ ಬಿತ್ತು. ನೀನು ಪಾಪ, "ಅಯ್ಯೋ ಅಮ್ಮಾ" ಅಂದೆ. ಮರಳಿನಿಂದ ಹೊರಗೆ ತೆಗೆಯಲು ನನಗೆ ನಾಲ್ಕು ಹೊಡೆತ ಬೇಕಾಯಿತು. ನೀನು ಗೆದ್ದೆ.

ಆ ಚೆಂಡು ಜಾರಿದಾಗ ನನಗೆ ಏನಾಯಿತು ಗೊತ್ತಾ? ಆಗಸ್ಟಿನಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಯಿತು. ಅಲ್ಲಿ ಸೋಲಬಹುದು ಕಣೇ. ಚೆನ್ನಾಗಿ ಹೊಡೆದರೂ ಸೋಲಬಹುದು. ಒಂದು ಗೇಣು ತಪ್ಪಿದರೆ ಆ ನೆಲ ನನ್ನನ್ನೂ ಬಿಡುವುದಿಲ್ಲ. ನೀನು ಕಾಗದದಲ್ಲಿ ಬರೆದಾಗ ಅರ್ಧ ನಂಬಿದ್ದೆ, ಮರಳಿಗೆ ಬಿದ್ದಾಗ ಪೂರ್ತಿ ನಂಬಿದೆ. ಅದಕ್ಕೇ ನಕ್ಕದ್ದು.

ಕ್ಯಾಂಟೀನಿನಲ್ಲಿ ಈಗ ಹಳಬನ ಸೊಸೆ ಇದ್ದಾಳೆ, ಅವಳಿಗೆ ನಮ್ಮ ಲೆಕ್ಕ ಗೊತ್ತಿಲ್ಲ. ನೀನು ಪರ್ಸಿಗೆ ಕೈ ಹಾಕಿದೆ, ನಾನು ತಡೆದೆ. ಆ ಮೈದಾನದಲ್ಲಿ ನಾನು ಚಹಾ ಕೊಡಿಸಿದ್ದು ಇದೇ ಮೊದಲು.

ನಿಮ್ಮಪ್ಪ ಇಪ್ಪತ್ತೈದು ವರ್ಷ ಕೊಡಿಸಿದ್ದು ಸೋತೇ ಕೊಡಿಸಿದ್ದು.

ಅಮ್ಮ